ತಿಥಿಯ ಮೆಕ್ಕೆಜೋಳ

ಲ್ಯಾಂಪಾಸಸ್ ಬಳಿಯ ಜಮೀನು, ಟೆಕ್ಸಾಸ್
16 ಮಾರ್ಚ್ 2014

ಅತ್ತಿಗೆ, ನಮಸ್ಕಾರ.

ಪೆನ್ನು ಹಿಡಿದು ಎಷ್ಟು ವರ್ಷವಾಯಿತೋ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನೀವು ಹೇಳಿದ್ದು ಸರಿ, ಫೋನಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಅದೂ ಅಲ್ಲದೆ ಇಲ್ಲಿ ಸಿಗ್ನಲ್ ಬೇಕೆಂದರೆ ಗೇಟಿನ ತನಕ ನಡೆದು ಬೇಲಿಯ ಕಂಬ ಹಿಡಿದುಕೊಂಡು ನಿಲ್ಲಬೇಕು. ಬರೆಯುವುದೇ ವಾಸಿ.

ಹ್ಯೂಸ್ಟನ್ನಿನ ರಿಫೈನರಿಯಲ್ಲಿ ಜೀವಮಾನವಿಡೀ ಗೇಜು ನೋಡಿಕೊಂಡಿದ್ದವನು ಈಗ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ಕೂತಿದ್ದೇನೆ. ಮಣ್ಣು ಬೆಚ್ಚಗಾಗುವ ತನಕ ಬಿತ್ತುವ ಹಾಗಿಲ್ಲ. ರಿಟೈರ್ ಆದ ಮೇಲೆ ನಿಮ್ಮ ಜೊತೆ ಬಂದು ಇರಬೇಕೆಂದು ಅಣ್ಣ ಕೊಂಡ ಜಾಗ ಇದು. ಅವನು ಹೋಗಿ ಎರಡು ವರ್ಷವಾಯಿತು, ಹೆಂಡತಿ ಮಕ್ಕಳ ಗೋಜಿಲ್ಲದ ನಾನು ಬಂದು ಕಾವಲು ಕೂತಿದ್ದೇನೆ. ಕೌಂಟಿಯ ತೆರಿಗೆಯವರ ಲೆಕ್ಕದಲ್ಲಿ ಇದು ಕಾಡುಪ್ರಾಣಿಗಳಿಗೆ ಬಿಟ್ಟ ನೆಲ, ಅದಕ್ಕೆ ತೆರಿಗೆ ಕಡಿಮೆ. ಹಾಗೆಂದು ಸುಮ್ಮನೆ ಬಿಟ್ಟರೆ ಒಪ್ಪುವುದಿಲ್ಲ. ಸೀಡರ್ ಪೊದೆ ಕಡಿಯಬೇಕು, ಕೆರೆಯಲ್ಲಿ ನೀರು ನಿಲ್ಲಿಸಬೇಕು, ವಸಂತದಲ್ಲಿ ಜಿಂಕೆಗಳಿಗೆಂದು ಮೇವು ಬಿತ್ತಬೇಕು.

ಈಗ ತಮಾಷೆ ಕೇಳಿ. ಮೇವು, ಬೀಜ ಮಾರುವ ಫೀಡ್ ಸ್ಟೋರಿನಲ್ಲಿ ಜಿಂಕೆಗೆ ಯಾವ ಬೀಜ ಒಳ್ಳೆಯದು ಎಂದು ಕೇಳಿದೆ. ಲ್ಯಾಬ್‌ಲ್ಯಾಬ್ ಎಂದು ಒಂದು ಚೀಲ ತಂದು ಟ್ರಕ್ಕಿಗೆ ಹಾಕಿದರು. ಮನೆಗೆ ಬಂದು ಹೊಲಿಗೆ ಬಿಚ್ಚಿ ಕೈ ಹಾಕುತ್ತೇನೆ, ಅವರೆಕಾಳು! ನಮ್ಮ ಅವರೆಕಾಳೇ ಅತ್ತಿಗೆ! ಈ ಟೆಕ್ಸಾಸಿನವರು ಅದನ್ನು ಜಿಂಕೆಗೆ ಹಾಕುತ್ತಾರೆ. ಒಂದು ಹಿಡಿ ಬೇಯಿಸಿ ನೋಡಿದೆ. ರುಚಿ ಪರವಾಗಿಲ್ಲ, ಸೊಗಡು ಇಲ್ಲ. ಅಣ್ಣ ಇದ್ದಿದ್ದರೆ ಚೀಲವನ್ನೇ ತಬ್ಬಿಕೊಂಡು ಕೂರುತ್ತಿದ್ದ.

ಪಕ್ಕದ ದನದ ರಾಂಚಿನ ವೇಯ್ನ್ ಬಂದಿದ್ದ. ನವೆಂಬರಿನಲ್ಲಿ ನಮ್ಮ ಕಡೆ ಬೇಟೆಗೆ ಬಿಡುತ್ತೀರಾ ಎಂದು ಪ್ರತಿ ವರ್ಷದಂತೆ ಕೇಳಿದ. ಇಲ್ಲ ಎಂದೆ. ‘ಆ ನೆಲದಲ್ಲಿ ಗುಂಡಿನ ಸದ್ದು ಆಗಕೂಡದು ಕಣೋ’ ಎಂದು ಆಸ್ಪತ್ರೆಯಲ್ಲಿ ಅಣ್ಣ ನನ್ನ ಕೈ ಹಿಡಿದು ಹೇಳಿದ್ದು ನಿಮಗೂ ಗೊತ್ತಲ್ಲ.

ಇಲ್ಲಿಯ ತೊರೆಯಲ್ಲಿ ಅಸ್ಥಿ ಬಿಟ್ಟು ಹೋದವರು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ ನೀವು. ಬಿತ್ತನೆಗಾದರೂ ಬನ್ನಿ.

ಗುರುದತ್ತ

*

ಕಾಪೆಲ್
6 ಏಪ್ರಿಲ್ 2014

ಗುರು,

ಆಶೀರ್ವಾದ. ಅಕ್ಷರ ಸೊಟ್ಟಗೇ ಇದೆ, ಬೈದಿದ್ದೇನೆ ಎಂದು ತಿಳಿದುಕೋ.

ಅಯ್ಯೋ ಪುಣ್ಯಾತ್ಮ, ಅವರೆಕಾಳನ್ನು ಜಿಂಕೆಗೆ ಹಾಕುತ್ತಾರೆ ಎಂದು ಈಗ ಗೊತ್ತಾಯಿತೇ ನಿನಗೆ? ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಫ್ರೀಜರಿನೊಳಗೆ ಕಲ್ಲಾಗಿರುವ ಹಿತಕಿದ ಬೇಳೆಗೆ ಎಷ್ಟು ಕಿತ್ತಾಟ ಗೊತ್ತೇ? ನಮ್ಮ ಕಾಪೆಲ್ ಆಂಟಿಯರಿಗೆ ಹೇಳಿದರೆ ಚೀಲ ಹಿಡಿದು ನಿನ್ನ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ. ನಿನ್ನ ಅಣ್ಣನಿಗೆ ಪುಷ್ಯ ಮಾಸವೆಂದರೆ ಅದೊಂದೇ, ಮೂರು ಹೊತ್ತೂ ಹಿತಕಿದ ಬೇಳೆ ಸಾರು. ಆ ಮಾಸದಲ್ಲೇ ಹೋದರು.

ನಾನು ಬರುವುದಿಲ್ಲ. ಬಾ ಬಾ ಎಂದು ಬರೆಯಬೇಡ. ಆ ತೊರೆಯನ್ನು ನೋಡುವ ಶಕ್ತಿ ನನಗಿಲ್ಲ.

ಆದರೆ ಕೈಕಟ್ಟಿ ಕೂತಿಲ್ಲ. ನಿನ್ನ ಊರಿನ ಫೀಡ್ ಸ್ಟೋರಿಗೆ ಫೋನ್ ಮಾಡಿದೆ. ಪ್ರತಿ ಅಮಾವಾಸ್ಯೆಗೆ ನಿನಗೆ ಮೆಕ್ಕೆಜೋಳದ ಚೀಲಗಳು ಬರುತ್ತವೆ, ಇವರ ಹೆಸರಿನಲ್ಲಿ ಜಿಂಕೆಗಳಿಗೆ ಹಾಕು. ಪುರೋಹಿತರನ್ನೂ ಕೇಳಿದೆ. ಹಸಿದ ಬಾಯಿ ಮನುಷ್ಯರದೇ ಆಗಬೇಕಿಲ್ಲ, ಸಲ್ಲುತ್ತದೆ ಎಂದರು. ಮಕ್ಕಳ ಡಾಕ್ಟರಾಗಿದ್ದವಳಿಗೆ ರಿಟೈರ್ ಆದ ಮೇಲೆ ಯಾರಿಗೂ ಏನೂ ಮಾಡದೆ ಕೂರುವುದು ಎಂಥ ಶಿಕ್ಷೆ ಎಂದು ನಿನಗೆ ತಿಳಿಯದು. ಲಾಸ್ ಕೊಲಿನಾಸ್ ಆಫೀಸಿಗೆ ಹೋಗುವ ಧ್ರುವ ರಾತ್ರಿಯಾದ ಮೇಲೆ ಬರುತ್ತಾನೆ, ಸೊಸೆಯದೂ ಅದೇ ಕಥೆ. ಮೊಮ್ಮಗಳು ಸಂಹಿತಾಗೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ‘ಐಯಾಮ್ ಗುಡ್, ಅಜ್ಜಿ’ ಎನ್ನುವುದೊಂದೇ ಉತ್ತರ. ಈ ಅಮಾವಾಸ್ಯೆಯಿಂದ ನನಗೂ ಒಂದು ಕೆಲಸವಾಯಿತು.

ಆ ವೇಯ್ನನಿಗೆ ಇನ್ನೊಮ್ಮೆ ಕೇಳಬೇಡ ಎಂದು ಹೇಳು.

ವಿದ್ಯಾವತಿ

*

ಲ್ಯಾಂಪಾಸಸ್
22 ಜೂನ್ 2014

ಅತ್ತಿಗೆ,

ಅವರೆ ಹುಟ್ಟಿತು. ಮೂರನೇ ಎಲೆ ಬಿಡುವಷ್ಟರಲ್ಲಿ ಹೋಗಿಯೂ ಹೋಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಿತ್ತಿದ ಪಟ್ಟಿಯ ತುಂಬ ಗೊರಸಿನ ಗುರುತು ಬಿಟ್ಟು ಬೇರೇನಿಲ್ಲ, ಕಾಂಡವನ್ನೂ ನೆಲಮಟ್ಟಕ್ಕೆ ಮೇಯ್ದಿದ್ದವು. ಮತ್ತೊಮ್ಮೆ ಬಿತ್ತಿದೆ. ಅದೂ ಹಾಗೆಯೇ ಆಯಿತು. ಅಂತೂ ಬಿತ್ತಿದ್ದು ಯಾರಿಗೆ ಸೇರಬೇಕೋ ಅವರಿಗೇ ಸೇರಿತು ಅನ್ನಿ.

ನಿಮ್ಮ ಚೀಲಗಳು ತಪ್ಪದೆ ಬರುತ್ತಿವೆ. ಕಾಳಿನ ಡಬ್ಬ ಅಲ್ಲಾಡಿಸಿದ ಸದ್ದಿಗೇ ಜಿಂಕೆಗಳು ಓಡಿ ಬರುತ್ತವೆ. ಮೊದಲು ಬೆರಳೆಣಿಕೆಯಷ್ಟಿದ್ದವು, ಈಗ ಓಕ್ ಮರಗಳ ಕೆಳಗೆಲ್ಲ ಅವೇ. ಜಿಂಕೆ ಕತ್ತೆತ್ತಿ ಬಾಯಿ ಹಾಕುವಷ್ಟು ಎತ್ತರದವರೆಗೆ ಯಾವ ಮರದಲ್ಲೂ ಒಂದು ಎಲೆ ಇಲ್ಲ, ಯಾರೋ ನೂಲು ಹಿಡಿದು ಕತ್ತರಿಸಿದಂತಿದೆ. ಈ ವರ್ಷದ ಮರಿಗಳು ಚಿಕ್ಕವು. ಪಕ್ಕೆಲುಬು ಕಾಣುತ್ತದೆ, ಕೂದಲು ಒರಟು. ಹೋದ ವರ್ಷ ಸಂಜೆ ಕೆರೆ ಏರಿಯ ಮೇಲೆ ಕುಣಿದು ಕುಪ್ಪಳಿಸುತ್ತಿದ್ದವು, ಈ ವರ್ಷದವು ತಾಯಿಯ ಪಕ್ಕ ಸುಮ್ಮನೆ ನಿಂತಿರುತ್ತವೆ.

ಜಾಗ ನೋಡಲು ಸರ್ಕಾರದ ಕಡೆಯ ಬಯಾಲಜಿಸ್ಟ್ ಹುಡುಗಿ ಬಂದಿದ್ದಳು. ಇಡೀ ದಿನ ಸುತ್ತಿದಳು. ಸಂಖ್ಯೆ ಜಾಸ್ತಿಯಾಗಿದೆ ಎಂದಳು. ಇನ್ನೂ ಏನೇನೋ ಹೇಳಿದಳು, ಅದನ್ನು ಮುಂದೆ ಬರೆಯುತ್ತೇನೆ.

ಆಸ್ಟಿನ್ನಿಗೆ ಹೋಗಿ ದಿನಸಿ ತಂದೆ. ಬಿಸಿಲಿಗೆ ತಲೆ ಸುಡುತ್ತಿದೆ. ನಿಮ್ಮ ಮಂಡಿ ನೋವು ಹೇಗಿದೆ?

ಗುರು

*

ಕಾಪೆಲ್
13 ಜುಲೈ 2014

ಗುರು,

ಸಂಖ್ಯೆ ಜಾಸ್ತಿಯಾಯಿತು ಎಂದು ಮುಖ ಯಾಕೆ ಚಿಕ್ಕದು ಮಾಡಿಕೊಂಡಿದ್ದೀ? ಊಟ ಹಾಕುವ ಮನೆಗೆ ಜನ ಬರುವುದಿಲ್ಲವೇ? ನಿನ್ನ ಪತ್ರವನ್ನು ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಓದಿ ಹೇಳಿದೆ. ಡಬ್ಬದ ಸದ್ದಿಗೆ ಓಡಿ ಬರುತ್ತವೆ ಎಂದಾಗ ಗೆಳತಿ ಪ್ರಿಯಂವದಾ ಕಣ್ಣು ಒರೆಸಿಕೊಂಡಳು.

ಮರಿಗಳು ಸಣ್ಣಗಿದ್ದರೆ ಹಾಲು ಸಾಲುತ್ತಿಲ್ಲ ಎಂದರ್ಥ. ತಾಯಿಗೆ ಹೊಟ್ಟೆಗೆ ಬಿದ್ದರೆ ತಾನೇ ಹಾಲು? ಸ್ಟೋರಿಗೆ ಫೋನ್ ಮಾಡಿ ಚೀಲ ಹೆಚ್ಚಿಸಿದ್ದೇನೆ. ಜುಗ್ಗತನ ಮಾಡಬೇಡ, ಧಾರಾಳವಾಗಿ ಹಾಕು. ಆ ಹುಡುಗಿ ಏನೇನೋ ಹೇಳಿದಳು ಎಂದೆಯಲ್ಲ, ಓದಿಕೊಂಡವರು ಹೇಳುತ್ತಲೇ ಇರುತ್ತಾರೆ. ನಾನೂ ಓದಿಕೊಂಡವಳೇ.

ಮಂಡಿ ಇದ್ದ ಹಾಗೇ ಇದೆ.

ವಿದ್ಯಾವತಿ

*

ಲ್ಯಾಂಪಾಸಸ್
9 ನವೆಂಬರ್ 2014

ಅತ್ತಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ದೀಪಾವಳಿಗೆ ನೀವು ಕಳಿಸಿದ ಚಕ್ಕುಲಿ ಪುಡಿಯಾಗದೆ ಬಂತು. ಅರ್ಧ ವೇಯ್ನನಿಗೆ ಕೊಟ್ಟೆ, ಬಿಯರ್ ಜೊತೆ ಚೆನ್ನಾಗಿರುತ್ತದೆ ಎಂದ.

ನಿಮ್ಮ ಚೀಲಗಳು ಬರುತ್ತಿವೆ. ಇಲಿ ಹತ್ತದ ಹಾಗೆ, ತೇವ ತಾಕದ ಹಾಗೆ ಶೆಡ್ಡಿನಲ್ಲಿ ಹಲಗೆಯ ಮೇಲೆ ಪೇರಿಸಿದ್ದೇನೆ. ಯೋಚನೆ ಮಾಡಬೇಡಿ.

ಬೇಟೆಯ ಕಾಲ ಶುರುವಾಗಿದೆ. ಬೆಳಗಾದರೆ ಸುತ್ತಲಿನ ರಾಂಚುಗಳಿಂದ ಗುಂಡಿನ ಸದ್ದು. ಜಿಂಕೆಗಳೆಲ್ಲ ನಮ್ಮ ಬೇಲಿ ಹಾರಿ ಒಳಗೆ ಬರುತ್ತವೆ. ಇಲ್ಲಿ ಅಪಾಯವಿಲ್ಲವೆಂದು ಅವಕ್ಕೆ ಗೊತ್ತು. ವೇಯ್ನ್ ಬೇಲಿಯ ಆ ಕಡೆ ನಿಂತು ನೋಡುತ್ತಾನೆ, ಏನೂ ಕೇಳುವುದಿಲ್ಲ. ಅವನು ಕೇಳದೆ ಇರುವುದೇ ನನಗೆ ಕಷ್ಟವಾಗುತ್ತದೆ.

ಮೊನ್ನೆ ಸೀಡರ್ ಕಡಿಯುವಾಗ ನೋಡಿದೆ, ಜಿಂಕೆಗಳು ಅದರ ಕೆಳಕೊಂಬೆಯನ್ನೂ ತಿಂದಿವೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದನ್ನು ತಿನ್ನುವುದಂತೆ.

ಚಳಿ ಜೋರಾಗುವ ಲಕ್ಷಣವಿದೆ.

ಗುರು

*

ಕಾಪೆಲ್
14 ಡಿಸೆಂಬರ್ 2014

ಗುರು,

ಇವರ ತಿಥಿ ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿ. ಇಲ್ಲಿ ಧ್ರುವ ಶ್ರಾದ್ಧ ಮಾಡುತ್ತಾನೆ, ರಜೆ ಹಾಕಿಸಿದ್ದೇನೆ. ನೀನು ಅಲ್ಲೇ ಇರು. ಅಲ್ಲಿಯ ಕೆಲಸ ನಿನ್ನದು.

ಅವತ್ತು ಆ ನೆಲದಲ್ಲಿ ಒಂದು ಜೀವವೂ ಹಸಿದು ಮಲಗಬಾರದು. ಒಂದು ಲಾರಿ ಮೆಕ್ಕೆಜೋಳಕ್ಕೆ ಹೇಳಿದ್ದೇನೆ. ಡಬ್ಬದಲ್ಲಿ ಚಿಮುಕಿಸುವುದಲ್ಲ, ರಾಶಿ ಹಾಕು. ಮನೆ ಮುಂದೆ, ಮರದ ಕೆಳಗೆ, ಕೆರೆ ಏರಿಯ ಮೇಲೆ, ಎಲ್ಲ ಕಡೆ. ಸೀಡರ್ ತಿನ್ನುತ್ತಿವೆ ಎಂದು ಓದಿದ ದಿನವೇ ಸ್ಟೋರಿಗೆ ಫೋನ್ ಮಾಡಿದೆ.

ಅವು ತಿಂದಿದ್ದನ್ನು ಕಣ್ಣಾರೆ ನೋಡಿ ನನಗೆ ಬರೆ. ಅವತ್ತು ನಿನ್ನ ಕಣ್ಣೇ ನನ್ನ ಕಣ್ಣು.

ವಿದ್ಯಾವತಿ

*

ಲ್ಯಾಂಪಾಸಸ್
16 ಜನವರಿ 2015

ಅತ್ತಿಗೆಯವರಿಗೆ,

ಪಂಚಮಿಯ ದಿನ ಬೆಳಿಗ್ಗೆ ಲಾರಿ ಬಂತು. ನೀವು ಹೇಳಿದ ಹಾಗೆ ಎಲ್ಲ ಕಡೆ ರಾಶಿ ಹಾಕಿದೆ. ತುಂಬ ಚಳಿಯಿತ್ತು. ಹುಲ್ಲಿನ ಮೇಲೆ ಮಂಜು ಕಲ್ಲಾಗಿತ್ತು. ಆದರೂ ಎಲ್ಲ ಬಂದವು, ಹೆದರದೆ ನನ್ನ ಪಕ್ಕದಲ್ಲೇ ನಿಂತು ಹೊಟ್ಟೆ ತುಂಬ ತಿಂದವು. ಸಂಜೆಯ ತನಕ ತಿಂದವು. ಅಣ್ಣನ ಹೆಸರು ಹೇಳಿದೆ.

ಮಾರನೇ ದಿನ ನೋಡಿದರೆ ಎಲ್ಲ ಅಲ್ಲಲ್ಲೇ ಮಲಗಿದ್ದವು.

ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ. ಮೈಗೆ ಅಷ್ಟು ಹುಷಾರಿಲ್ಲ. ಏನೂ ಗಾಬರಿಯಿಲ್ಲ.

ಗುರುದತ್ತ

*

ಕಾಪೆಲ್
1 ಫೆಬ್ರವರಿ 2015

ಗುರು,

ನಿನ್ನ ಪತ್ರ ದೇವರ ಮುಂದಿಟ್ಟಿದ್ದೇನೆ. ಹೊಟ್ಟೆ ತುಂಬಿ ಅಲ್ಲಲ್ಲೇ ಮಲಗಿದ್ದವು ಎಂದೆಯಲ್ಲ, ನಾನೂ ಅವತ್ತು ಹಾಗೇ ಮಲಗಿದೆ. ಇವರು ಹೋದ ಮೇಲೆ ಮೊದಲನೇ ಸಲ ನಿದ್ದೆ ಬಂತು, ಮಾತ್ರೆಯಿಲ್ಲದೆ. ಶ್ರಾದ್ಧದ ಮಾರನೆಯ ದಿನ ಹಿತಕಿದ ಬೇಳೆ ಸಾರು ಮಾಡಿದೆ. ಮೂರು ವರ್ಷದಿಂದ ಆ ಪ್ಯಾಕೆಟ್ ಮುಟ್ಟಿರಲಿಲ್ಲ. ಸಂಹಿತಾ ಎರಡು ಸಲ ಹಾಕಿಸಿಕೊಂಡಳು.

ಒಂದು ಮಾತು ಹೇಳುತ್ತೇನೆ, ತಲೆ ಮೇಲೆ ಕೂರಬೇಡ. ನೀನು ಅಲ್ಲಿರುವುದರಿಂದ ನಾನು ಇಲ್ಲಿ ಬದುಕಿದ್ದೇನೆ.

ಹುಷಾರಿಲ್ಲ ಎಂದೆ, ಏನು? ಜ್ವರವೋ, ಕೆಮ್ಮೋ? ಡಾಕ್ಟರಿಗೆ ಹಾಗೆಲ್ಲ ಅರ್ಧಂಬರ್ಧ ಬರೆಯಬಾರದು.

ವಿದ್ಯಾವತಿ

*

ಕಾಪೆಲ್
29 ಮಾರ್ಚ್ 2015

ಗುರು,

ಎರಡು ತಿಂಗಳಾಯಿತು, ನಿನ್ನ ಪತ್ರವಿಲ್ಲ. ಯುಗಾದಿ ಹೋಯಿತು. ಮಣ್ಣು ಬೆಚ್ಚಗಾಯಿತೇ, ಅವರೆ ಬಿತ್ತಿದೆಯೇ, ಒಂದು ಮಾತಿಲ್ಲ. ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ.

ಮಲಗಿದ್ದವು ಎಂದು ಬರೆದಿದ್ದೀ.

ಎದ್ದವೇ?

ವಿದ್ಯಾವತಿ

*

ಲ್ಯಾಂಪಾಸಸ್
19 ಏಪ್ರಿಲ್ 2015

ಅತ್ತಿಗೆ,

ಇಲ್ಲ. ಏಳಲಿಲ್ಲ.

ನಿಮ್ಮ ಪತ್ರ ಬಂದ ದಿನದಿಂದ ಬರೆಯುವುದು, ಹರಿಯುವುದು ಇದೇ ಆಗಿದೆ. ಇವತ್ತು ಹರಿಯುವುದಿಲ್ಲ.

ಹೋದ ಜೂನಿನಲ್ಲಿ ಆ ಹುಡುಗಿ ಹೇಳಿದ್ದು ಎರಡು ವಿಷಯ. ಜೋಳ ಹಾಕುವುದನ್ನು ನಿಲ್ಲಿಸಿ, ಅದರ ಆಸೆಗೆ ಸುತ್ತಲಿನ ಜಿಂಕೆಗಳೆಲ್ಲ ಇಲ್ಲೇ ಬಂದು ಸೇರಿ ಕಾಡನ್ನು ಬೋಳು ಮಾಡುತ್ತಿವೆ ಎಂದಳು. ಎರಡನೆಯದು, ನವೆಂಬರಿನಲ್ಲಿ ಹೆಣ್ಣು ಜಿಂಕೆಗಳನ್ನು ಹೊಡೆಸಿ, ಇಲ್ಲದಿದ್ದರೆ ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತವೆ ಎಂದಳು. ಹೊಡೆಸಲು ಅಣ್ಣನಿಗೆ ಕೊಟ್ಟ ಮಾತು ಅಡ್ಡ ಬಂತು. ಜೋಳ ನಿಲ್ಲಿಸುತ್ತೇನೆಂದು ನಿಮಗೆ ಹೇಳಲು ಬಾಯಿ ಬರಲಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಿಮಗೆ ಜೀವ ಬರುತ್ತಿತ್ತಲ್ಲ ಅತ್ತಿಗೆ.

ಸೆಪ್ಟೆಂಬರಿನಲ್ಲಿ ಹೇಳದೆ ಕೇಳದೆ ನಿಲ್ಲಿಸಿದೆ. ಬಂದ ಚೀಲಗಳನ್ನು ಶೆಡ್ಡಿನಲ್ಲಿ ಪೇರಿಸಿದೆ. ಪೇರಿಸಿದ್ದೇನೆ ಎಂದು ನಿಮಗೆ ಬರೆದೆ, ಹಾಕುತ್ತಿಲ್ಲ ಎಂದು ಬರೆಯಲಿಲ್ಲ. ಜೋಳ ಸಿಗದಿದ್ದರೆ ಹೊರಗಿನವು ಹೊರಟು ಹೋಗುತ್ತವೆ ಎಂದುಕೊಂಡಿದ್ದೆ. ಹೋಗಲಿಲ್ಲ. ಹೊರಗೆ ಗುಂಡು ಹಾರುತ್ತಿತ್ತು, ಎಲ್ಲಿಗೆ ಹೋದಾವು? ಕಡ್ಡಿ, ತೊಗಟೆ, ಸೀಡರ್ ತಿಂದುಕೊಂಡು ಇಲ್ಲೇ ಇದ್ದವು.

ಪಂಚಮಿಯ ದಿನ ನಿಮ್ಮ ಲಾರಿ ಬಂದಾಗ ಅವು ಮನೆಯ ಮೆಟ್ಟಿಲ ತನಕ ಬಂದು ನಿಂತಿದ್ದವು. ಅಣ್ಣನ ಹೆಸರಿನದನ್ನು ತಿಂಗಳುಗಟ್ಟಲೆ ಅಡಗಿಸಿಟ್ಟಿದ್ದೇನಲ್ಲ ಎಂಬ ಸಂಕಟಕ್ಕೆ ಶೆಡ್ಡಿನ ಚೀಲಗಳನ್ನೂ ಬಿಚ್ಚಿ ಸುರಿದುಬಿಟ್ಟೆ. ‘ತಿನ್ರಪ್ಪಾ, ತಿನ್ರಿ’ ಎಂದು ಹುಚ್ಚನ ಹಾಗೆ ಅಳುತ್ತಾ ಸುರಿದೆ.

ಬೆಳಿಗ್ಗೆ ಮಲಗಿದ್ದವು. ನಾನೂ ಹೊಟ್ಟೆ ತುಂಬಿ ಮಲಗಿವೆ ಎಂದೇ ಅಂದುಕೊಂಡೆ. ಹತ್ತಿರ ಹೋದರೂ ಏಳಲಿಲ್ಲ. ಹಲ್ಲು ಕಡಿಯುತ್ತಿದ್ದವು. ಹೊಟ್ಟೆ ಉಬ್ಬಿತ್ತು. ಕೆಲವು ಬಾಯಾರಿ ಕೆರೆಯ ತನಕ ಕಾಲೆಳೆದುಕೊಂಡು ಹೋಗಿ ಏರಿಯ ಮೇಲೆ ಬಿದ್ದಿದ್ದವು. ಕಡ್ಡಿ ಅರಗಿಸುತ್ತಿದ್ದ ಹೊಟ್ಟೆಗೆ ಒಮ್ಮೆಗೇ ಅಷ್ಟು ಕಾಳು ಬಿದ್ದರೆ ಒಳಗೆ ಹುಳಿಯೆದ್ದು ವಿಷವಾಗುತ್ತದಂತೆ. ಆ ಹುಡುಗಿ ಬಂದು ಒಂದರ ಹೊಟ್ಟೆ ಕೊಯ್ದು ತೋರಿಸಿದಳು. ಬರೀ ಜೋಳ. ಕಾಳು ಕಾಳಾಗಿಯೇ ಇತ್ತು.

ಎಷ್ಟು ಎಂದು ನಾನು ಎಣಿಸಲಿಲ್ಲ. ದೊಡ್ಡವು ನೂಕಿದ್ದಕ್ಕೆ ಜಾಸ್ತಿ ತಿನ್ನಲಾಗದವು ಮಾತ್ರ ಉಳಿದವು, ಅವೇ ಈ ನೆಲಕ್ಕೆ ಹೆಚ್ಚು. ವೇಯ್ನ್ ತನ್ನ ಟ್ರ್ಯಾಕ್ಟರ್ ತಂದು ಗುಂಡಿ ತೋಡಿದ. ಮೂರು ದಿನ ಆಕಾಶದ ತುಂಬ ಹದ್ದು.

ಈ ವಸಂತ ನಾನು ಏನೂ ಬಿತ್ತಿಲ್ಲ.

ಗುರು

*

ಕಾಪೆಲ್
10 ಮೇ 2015

ಗುರು,

ನಿನ್ನ ಪತ್ರ ಬಂದು ಎರಡು ವಾರ ಅದನ್ನೇ ಮತ್ತೆ ಮತ್ತೆ ಓದುತ್ತಾ ಕೂತಿದ್ದೆ. ಧ್ರುವ ಹೆದರಿ ನನ್ನ ಬಿ.ಪಿ. ನೋಡಿದ.

ನಿನ್ನ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ. ನಾನೇನು ಗಾಜಿನ ಬಳೆಯೇ, ತಾಕಿದರೆ ಒಡೆಯುತ್ತೇನೆಂದು ಬಟ್ಟೆಯಲ್ಲಿ ಸುತ್ತಿಡಲು? ನಿಲ್ಲಿಸಿದ್ದೇನೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಜಗಳವಾಡುತ್ತಿದ್ದೆ, ಆಡಿ ಸುಮ್ಮನಾಗುತ್ತಿದ್ದೆ.

ಆದರೆ ನನ್ನ ಮೇಲಿರುವ ಸಿಟ್ಟಿನ ಮುಂದೆ ಅದು ಏನೂ ಅಲ್ಲ. ಹೋದ ಜೂನಿನ ಪತ್ರದಲ್ಲಿ ನೀನು ಪಕ್ಕೆಲುಬು ಎಂದು ಬರೆದಿದ್ದೆ, ಒರಟು ಕೂದಲು ಎಂದು ಬರೆದಿದ್ದೆ, ಮರಿಗಳು ಕುಣಿಯುವುದಿಲ್ಲ ಎಂದು ಬರೆದಿದ್ದೆ. ಒಂದು ಮಗುವಿನ ಬಗ್ಗೆ ಯಾರಾದರೂ ಹೀಗೆ ಬರೆದಿದ್ದರೆ ಕಾರು ಹತ್ತಿ ಓಡಿ ಹೋಗುತ್ತಿದ್ದೆ. ನಿನ್ನದನ್ನು ಪಿಕ್ನಿಕ್ಕಿನಲ್ಲಿ ಓದಿ ಚಪ್ಪಾಳೆ ತಟ್ಟಿಸಿಕೊಂಡೆ. ಬೆಂಗಳೂರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಹಸಿದು ಬಂದ ಮಕ್ಕಳ ವಾರ್ಡು ನನ್ನದು. ‘ಒಟ್ಟಿಗೆ ತಿನ್ನಿಸಬೇಡಮ್ಮಾ, ಚಮಚ ಚಮಚವಾಗಿ ಕೊಡು’ ಎಂದು ಎಷ್ಟು ತಾಯಂದಿರ ಕೈ ಹಿಡಿದು ತಡೆದಿದ್ದೇನೆ. ಲಾರಿಗೆ ಫೋನ್ ಮಾಡುವಾಗ ಅದು ನೆನಪಾಗಲಿಲ್ಲ. ಅಲ್ಲಿಗೆ ಒಂದು ಸಲ ಬಂದು ನೋಡಿದ್ದರೆ ನೆನಪಾಗುತ್ತಿತ್ತು.

ಈಗ ಹೇಳುವುದನ್ನು ಕೇಳು. ಅವರೆ ಬಿತ್ತು, ಇನ್ನೂ ಹೊತ್ತಾಗಿಲ್ಲ. ಈ ಸಲ ಪಟ್ಟಿಯ ಸುತ್ತ ಬೇಲಿ ಹಾಕು. ಬಳ್ಳಿ ಸೊಂಟದ ಎತ್ತರ ಬಂದು ಕಾಂಡ ಗಟ್ಟಿಯಾದ ಮೇಲೆ ತೆಗೆ. ಆ ಹುಡುಗಿಗೆ ನಾನೇ ಫೋನ್ ಮಾಡಿ ಕೇಳಿದೆ. ಸ್ಟೋರಿನವರಿಗೆ ಜೋಳ ನಿಲ್ಲಿಸಿ ಎಂದೆ.

ನವೆಂಬರಿನಲ್ಲಿ ವೇಯ್ನನನ್ನು ಕರೆ.

ನಿನ್ನ ಅಣ್ಣನ ಮಾತು ನನಗೆ ಮರೆತಿಲ್ಲ. ಅದನ್ನು ಮುರಿಯುತ್ತಿರುವವಳು ನಾನು, ನೀನಲ್ಲ. ಪಾಪವಿದ್ದರೆ ನನ್ನ ತಲೆಯ ಮೇಲಿರಲಿ.

ವಿದ್ಯಾವತಿ

*

ಲ್ಯಾಂಪಾಸಸ್
20 ಸೆಪ್ಟೆಂಬರ್ 2015

ಅತ್ತಿಗೆ,

ಬೇಲಿಯೊಳಗೆ ಅವರೆ ಹಬ್ಬಿತು. ಹೋದ ತಿಂಗಳು ಬೇಲಿ ತೆಗೆದೆ. ತುದಿ ಕಚ್ಚಿದ ಕಡೆಯೆಲ್ಲ ಮತ್ತೆ ಚಿಗುರುತ್ತಿದೆ. ನೇರಳೆ ಹೂ ಬಿಟ್ಟಿದೆ. ನೋಡಲು ಬಹಳ ಚೆನ್ನಾಗಿದೆ.

ಆದರೆ ನವೆಂಬರಿನದು ನನ್ನ ಕೈಲಾಗುವುದಿಲ್ಲ. ವೇಯ್ನನಿಗೆ ಹೇಳಿದ್ದೇನೆ, ಒಪ್ಪಿದ್ದಾನೆ. ಹೇಳಿ ಬಂದವನು ಊಟ ಮಾಡಲಿಲ್ಲ. ಅಣ್ಣ ಕೈ ಹಿಡಿದದ್ದು ನನ್ನದು. ನೀವು ನಿಮ್ಮ ತಲೆಯ ಮೇಲೆ ಹಾಕಿಕೊಂಡರೂ ಆ ಸದ್ದು ಕೇಳುವ ಕಿವಿ ನನ್ನದೇ ತಾನೇ. ಡಬ್ಬದ ಸದ್ದಿಗೆ ನನ್ನ ಹತ್ತಿರ ಬಂದವು ಅತ್ತಿಗೆ ಅವು. ಹೇಡಿ ಅನ್ನಿ, ಏನು ಬೇಕಾದರೂ ಅನ್ನಿ. ಬೇಡ ಎಂದು ಅವನಿಗೆ ಹೇಳಿಬಿಡಲೇ?

ಗುರು

*

ಕಾಪೆಲ್
4 ಅಕ್ಟೋಬರ್ 2015

ಗುರು,

ಬೇಡ ಎಂದು ಹೇಳಬೇಡ.

ನೀನು ಬಂದು ಕಾಪೆಲಿನಲ್ಲಿ ಇರು. ನನ್ನ ತುಳಸಿಗೆ ನೀರು ಹಾಕು, ಸಂಹಿತಾಳನ್ನು ಸ್ಕೂಲಿನಿಂದ ಕರೆದುಕೊಂಡು ಬಾ. ಅಲ್ಲಿ ನಾನಿರುತ್ತೇನೆ.

ವಿದ್ಯಾವತಿ

*

ಲ್ಯಾಂಪಾಸಸ್
15 ನವೆಂಬರ್ 2015

ಗುರು,

ನಿನ್ನ ಮನೆ ಗಲೀಜು. ಸಾರಿನ ಪುಡಿ ಡಬ್ಬದಲ್ಲಿ ಸ್ಕ್ರೂ ಇಟ್ಟಿದ್ದೀಯ. ಎರಡು ದಿನ ತೊಳೆದಿದ್ದೇನೆ.

ಏನನ್ನೂ ಬಿಡದೆ ಬರೆಯುತ್ತೇನೆ. ನೀನು ಬಿಟ್ಟದ್ದು, ನಾನು ಬಿಟ್ಟದ್ದು ಎರಡೂ ಸೇರಿ ಏನಾಯಿತು ಎಂದು ನೋಡಿದ್ದೇವೆ.

ಬಂದ ದಿನವೇ ತೊರೆಗೆ ಹೋದೆ. ನೀರು ಕಡಿಮೆಯಿತ್ತು. ಒಂದು ಗಂಟೆ ಕೂತು ಅತ್ತೆ. ಆಮೇಲೆ ಅವರಿಗೆ ವಿಷಯ ಹೇಳಿದೆ, ಇದ್ದಾಗ ಹೇಳುತ್ತಿದ್ದ ಹಾಗೆಯೇ, ಜೋರಾಗಿ.

ಶನಿವಾರ ಬೆಳಿಗ್ಗೆ ವೇಯ್ನ್ ಬಂದು ಟೋಪಿ ತೆಗೆದು ನಿಂತು, ಒಳಗೆ ಹೋಗುತ್ತೀರಾ ಎಂದು ಕೇಳಿದ. ಇಲ್ಲ, ಇಲ್ಲೇ ಕೂತಿರುತ್ತೇನೆ ಎಂದೆ. ಜಗಲಿಯ ಮೇಲೆ ಕೂತೆ. ಮೊದಲ ಸದ್ದಿಗೆ ಕೈಯಲ್ಲಿದ್ದ ಕಾಫಿ ಚೆಲ್ಲಿತು. ಎರಡನೆಯದಕ್ಕೂ ಬೆಚ್ಚಿದೆ. ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ, ಆಗುವುದೂ ಬೇಡ.

ಮೊದಲನೆಯದನ್ನು ನನಗೆ ತೋರಿಸು ಎಂದಿದ್ದೆ. ಮುದಿ ಹೆಣ್ಣು. ಮೈ ಇನ್ನೂ ಬಿಸಿಯಿತ್ತು. ಹಣೆಯ ಮೇಲೆ ಕೈಯಿಟ್ಟೆ. ಬಾಯಿ ಬಿಡಿಸಿ ಹಲ್ಲು ನೋಡಿದೆ, ಬುಡದ ತನಕ ಸವೆದಿತ್ತು. ವೇಯ್ನ್ ಕೊಯ್ದಾಗ ಮೂತ್ರಪಿಂಡದ ಸುತ್ತ ಕೊಬ್ಬೆಷ್ಟಿದೆ ಎಂದು ನೋಡಿದೆ. ಒಂದು ಎಳೆಯೂ ಇರಲಿಲ್ಲ ಗುರು. ಈ ಚಳಿಗಾಲವನ್ನು ಅದು ದಾಟುತ್ತಿರಲಿಲ್ಲ. ಅದಕ್ಕಾಗಿ ನನಗೆ ಸಮಾಧಾನವಾಯಿತು ಎಂದು ಬರೆಯುವುದಿಲ್ಲ. ಇದ್ದದ್ದನ್ನು ಬರೆದಿದ್ದೇನೆ.

ಮಾಂಸ ಊರಿನ ಚರ್ಚಿನವರು ಬಡವರಿಗೆ ಹಂಚುತ್ತಾರಂತೆ, ವೇಯ್ನ್ ತಲುಪಿಸಿದ. ಸಂಜೆ ನಾನು ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದೆ. ಊಟ ಮಾಡಲಿಲ್ಲ.

ಡಿಸೆಂಬರಿನವರೆಗೂ ಆಗಾಗ ಬರುತ್ತಾನಂತೆ. ಇಲ್ಲೇ ಇರುತ್ತೇನೆ.

ವಿದ್ಯಾವತಿ

*

ಕಾಪೆಲ್
13 ಡಿಸೆಂಬರ್ 2015

ಅತ್ತಿಗೆ,

ನಿಮ್ಮ ಪತ್ರವನ್ನು ಒಂದೇ ಸಲ ಓದಿದೆ. ಮತ್ತೆ ಓದಲಾಗಲಿಲ್ಲ. ಆದರೆ ಗೊತ್ತಿರುವುದು ಒಳ್ಳೆಯದು ಅನ್ನಿಸಿತು. ಗೊತ್ತಿಲ್ಲದೆ ಇದ್ದಿದ್ದರೆ ದಿನವೂ ಬೇರೆ ಬೇರೆ ಥರ ಊಹಿಸಿಕೊಂಡು ಸಾಯುತ್ತಿದ್ದೆ.

ತುಳಸಿ ಚೆನ್ನಾಗಿದೆ. ಸಂಹಿತಾಗೆ ಎಲ್ಲ ಹೇಳಿದೆ, ಧ್ರುವ ಬೇಡ ಎಂದರೂ ಹೇಳಿದೆ. ಕಾರಿನಲ್ಲಿ ಬರುವಾಗ ‘ಡಿಡ್ ಅಜ್ಜಿ ಕ್ರೈ?’ ಎಂದಳು. ಹೌದಮ್ಮ ಎಂದೆ. ‘ಗುಡ್’ ಎಂದಳು. ಆಮೇಲೆ ಕನ್ನಡದಲ್ಲಿ, ಅವಳಾಗಿಯೇ, ‘ಪಾಪ ಅಜ್ಜಿ’ ಎಂದಳು ಅತ್ತಿಗೆ.

ಮುಂದಿನ ತಿಂಗಳು ತಿಥಿ. ಇಲ್ಲಿ ಧ್ರುವನ ಜೊತೆ ನಾನು ಕೂರುತ್ತೇನೆ. ಅಲ್ಲಿ ಏನು ಮಾಡುತ್ತೀರಿ?

ಗುರು

*

ಲ್ಯಾಂಪಾಸಸ್
30 ಜನವರಿ 2016

ಗುರು,

ಪಂಚಮಿಯ ದಿನ ಇಲ್ಲಿ ಏನೂ ಮಾಡಲಿಲ್ಲ. ಬೇಗ ಎದ್ದು ಸ್ನಾನ ಮಾಡಿ ತೊರೆಗೆ ಹೋಗಿ ಎಳ್ಳು ನೀರು ಬಿಟ್ಟೆ. ಬಂದು ಜಗಲಿಯ ಮೇಲೆ ಕೂತೆ. ಕೈ ಸುಮ್ಮನಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ನೀನು ಮರೆತ ಅರ್ಧ ಚೀಲ ಜೋಳವಿದೆ, ಅದರ ಬಾಯಿಗೆ ಕಟ್ಟಿದ ಹಗ್ಗವನ್ನು ಎರಡು ಸಲ ಮುಟ್ಟಿ ಬಂದೆ. ಬಿಚ್ಚಲಿಲ್ಲ. ಇವರ ಹೆಸರಿನಲ್ಲಿ ಯಾರಿಗೂ ಏನೂ ಹಾಕದೆ ಒಂದು ತಿಥಿ ಕಳೆಯುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ಬಿಸಿಲೇರಿದ ಮೇಲೆ ಜಿಂಕೆಗಳು ಬಂದವು. ಮೊದಲಿನಷ್ಟಿಲ್ಲ, ಸ್ವಲ್ಪವೇ. ನೀನು ಜೋಳ ಹಾಕುತ್ತಿದ್ದ ಜಾಗಕ್ಕೆ ಬಂದು ನೆಲ ಮೂಸಿದವು. ನನ್ನ ಕಡೆ ನೋಡಿದವು. ನಾನೂ ನೋಡಿದೆ. ಆಮೇಲೆ ಓಕ್ ಮರಗಳ ಕಡೆ ಹೋದವು. ಬುಡದಲ್ಲಿ ಮೊಣಕಾಲುದ್ದ ಎಳೆ ಕೊಂಬೆ ಬಂದಿವೆ, ಹೋದ ವರ್ಷ ಸಂಖ್ಯೆ ಇಳಿದ ಮೇಲೆ ಬಂದದ್ದಿರಬೇಕು. ಅದನ್ನು ಅಷ್ಟಷ್ಟೇ ಕಚ್ಚಿ ತಿಂದವು. ಒಣಗಿದ ಅವರೆ ಬಳ್ಳಿಯಲ್ಲಿ ಉಳಿದ ಕಾಯನ್ನೂ ಹುಡುಕಿ ತಿಂದವು. ಹೋದ ವರ್ಷದ ಮರಿಯೊಂದು ದುಂಡಗಾಗಿದೆ.

ನಾಲ್ಕು ಕಾಯನ್ನು ನಾನೂ ಕಿತ್ತುಕೊಂಡೆ, ಬೀಜಕ್ಕೆ. ಮಣ್ಣು ಬೆಚ್ಚಗಾಗುವಷ್ಟರಲ್ಲಿ ಬಂದುಬಿಡು. ಥರ್ಮಾಮೀಟರ್ ಚುಚ್ಚುವುದು ನನಗೆ ಬರುವುದಿಲ್ಲ. ಸಂಹಿತಾಳನ್ನೂ ಕರೆದುಕೊಂಡು ಬಾ.

ಮಧ್ಯಾಹ್ನ ಅವು ಮರದ ನೆರಳಿನಲ್ಲಿ ಮಲಗಿದವು. ನಾನು ಊಟಕ್ಕೆ ಏಳಲಿಲ್ಲ. ನೋಡುತ್ತಾ ಅಲ್ಲೇ ಕೂತಿದ್ದೆ, ನಿನಗೆ ಬರೆಯಬೇಕಲ್ಲ ಎಂದು. ಬಿಸಿಲು ಇಳಿದ ಮೇಲೆ ಒಂದೊಂದಾಗಿ ಎದ್ದವು. ಎಲ್ಲವೂ ಎದ್ದವು ಗುರು.

ವಿದ್ಯಾವತಿ